ಮಾವನವರು ಆರಿಸಿದ ಬ್ರೇಕ್ ಲೈನರ್

ನಾನು ಯಾವ ಗಾಡಿಯಲ್ಲಿ ಕೂತರೂ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಮುಂದೆ ಎಮ್ಮೆಯೊಂದು ಅಡ್ಡ ಬಂದರೆ ಸಾಕು, ಡ್ರೈವರ್ ಬ್ರೇಕು ಒತ್ತುವ ಮೊದಲೇ ನಾನು ಒತ್ತಿ ಮುಗಿಸಿರುತ್ತೇನೆ. ಕಾಲಡಿಯಲ್ಲಿ ಇರುವುದು ಬ್ರೇಕಲ್ಲ, ಬರೀ ತಗಡು ಎಂಬ ತಿಳಿವಳಿಕೆ ತಲೆಗಿದೆ, ಕಾಲಿಗಿಲ್ಲ. ಒಮ್ಮೆ ಬಂಗಾರಪೇಟೆಯ ಬಸ್ಸಿನಲ್ಲಿ ಹೀಗೇ ಒತ್ತಿದ್ದು ಮುಂದಿನ ಸೀಟಿನ ಹೆಂಗಸಿನ ಟೊಮೆಟೊ ಬುಟ್ಟಿಯನ್ನು. ಆಕೆ ಹಿಂತಿರುಗಿ ನನ್ನ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಏನಮ್ಮೋ, ಗೊಜ್ಜು ಇಲ್ಲೇ ಮಾಡ್ಕೊಂಡು ಓಗೋಣ ಅಂತಾನಾ?" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ಬೇರೇನು ಮಾಡಲಿ? ಅಪ್ಪಚ್ಚಿಯಾದ ಟೊಮೆಟೊವನ್ನೆಲ್ಲ ನಾನೇ ಕೊಂಡುಕೊಂಡು ಮನೆಗೆ ಬಂದು ನಿಜವಾಗಿಯೂ ಗೊಜ್ಜು ಮಾಡಿದೆ.

ಈ ಕಾಯಿಲೆ ತವರಿನಿಂದ ತಂದದ್ದಲ್ಲ. ಬಂಗಾರಪೇಟೆಯ ಆಚೆಯ ಹಳ್ಳಿ ನಮ್ಮದು, ಮನೆಯಲ್ಲಿದ್ದದ್ದು ಎತ್ತಿನ ಗಾಡಿ. "ಹೋ" ಎಂದರೆ ನಿಲ್ಲುತ್ತಿತ್ತು. ಎತ್ತುಗಳಿಗೆ ಬೇಜಾರಾದರೆ ಹೋ ಅನ್ನದಿದ್ದರೂ ನಿಲ್ಲುತ್ತಿತ್ತು. ನಿಲ್ಲಿಸುವುದೂ ಒಂದು ವಿದ್ಯೆ ಎಂದು ಆಗ ಯಾರಿಗೆ ಗೊತ್ತಿತ್ತು? ಹರಿಕಥೆ ಕೇಳುತ್ತಾ ಬೆಳೆದವಳು ನಾನು. ರಥಕ್ಕೆ ಕುದುರೆ ಎಷ್ಟು, ಬಾವುಟದ ಮೇಲೆ ಏನಿತ್ತು, ಗಾಲಿಯ ಸದ್ದು ಯಾವ ಯಾವ ಲೋಕಕ್ಕೆ ಕೇಳಿಸಿತು, ಎಲ್ಲವನ್ನೂ ದಾಸರು ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು. ಅಷ್ಟು ಜೋರಾಗಿ ಬಂದ ರಥ ನಿಂತದ್ದು ಹೇಗೆ ಎಂದು ಒಬ್ಬ ದಾಸರೂ ಹೇಳಲಿಲ್ಲ. ಓಡಿದ್ದಕ್ಕೆ ಕಥೆಯುಂಟು, ನಿಂತದ್ದಕ್ಕೆ ಕಥೆಯಿಲ್ಲ.

ಯೋಚಿಸಿದರೆ ನಮ್ಮ ಬದುಕಿನ ತುಂಬ ಬ್ರೇಕುಗಳೇ. ಉಕ್ಕುವ ಹಾಲಿಗೆ ಚಿಮುಕಿಸುವ ತಣ್ಣೀರು ಬ್ರೇಕು. ಊಟದ ಪಂಕ್ತಿಯಲ್ಲಿ ಎಲೆಯ ಮೇಲೆ ಅಡ್ಡ ಹಿಡಿಯುವ ಅಂಗೈ ಬ್ರೇಕು. ಆದರೂ ಬಡಿಸುವವರು ಬೆರಳಿನ ಸಂದಿಯಲ್ಲೇ ಇನ್ನೊಂದು ಸೌಟು ಸುರಿದು ಮುಂದೆ ಹೋಗುತ್ತಾರಲ್ಲ, ಅದು ಸವೆದ ಬ್ರೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ನಾಲಿಗೆಗೆ ದೇವರು ಬ್ರೇಕು ಕೊಡುವುದನ್ನು ಮರೆತದ್ದಕ್ಕೇ ಎಲ್ಲವನ್ನೂ ಬಲಗಾಲಿಗೆ ಕೊಟ್ಟಿದ್ದಾನೆ ಎಂದು ನಮ್ಮ ಯಜಮಾನರು ಹೇಳುವುದುಂಟು. ಅವರ ಮಾತಿಗೇನು ಬಿಡಿ.

ಕಾಯಿಲೆ ಅಂಟಿದ್ದು ಮದುವೆಯಾಗಿ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ಗೆ ಬಂದ ಮೇಲೆ. ನಾನು ಸೇರಿದ್ದು ಬ್ರೇಕಿನವರ ಮನೆ. ನನ್ನ ಮಾವ ಚೌಡಪ್ಪನವರು ಮೈನ್ಸಿನಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದವರು. ಬಾವಿಗೆ ಕೊಡ ಇಳಿಸುವ ಹಾಗೆ ಭೂಮಿಯೊಳಕ್ಕೆ ಜನರನ್ನು ಇಳಿಸಿ ಹತ್ತಿಸುವ ಕೆಲಸ. ಕೊಡದ ಬದಲು ಕೇಜ್ ಎನ್ನುವ ಕಬ್ಬಿಣದ ಪಂಜರ, ರಾಟೆಯ ಬದಲು ಮನೆಯಷ್ಟು ದೊಡ್ಡ ಡ್ರಮ್ಮು, ಅದಕ್ಕೊಂದು ಬ್ರೇಕು, ಆ ಬ್ರೇಕಿನ ಮೇಲೆ ಮಾವನ ಕೈ. ಕೇಜು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಎದುರಿಗೆ ಕೇಜು ಎಷ್ಟು ಆಳದಲ್ಲಿದೆ ಎಂದು ತೋರಿಸುವ ಒಂದು ಮುಳ್ಳು, ಕಿವಿಗೆ ಕೆಳಗಿನಿಂದ ಹೊಡೆಯುವ ಒಂದು ಗಂಟೆ, ಅಷ್ಟೇ. ಒಂದು ಸಲ ಹೊಡೆದರೆ ನಿಲ್ಲಿಸು. ಮೂರು ಸಲ ಹೊಡೆದರೆ ಹತ್ತಿರುವುದು ಕಲ್ಲುಮಣ್ಣಲ್ಲ, ಮನುಷ್ಯರು, ಜೋಪಾನ ಎಂದರ್ಥ. ಕೇಜು ತಳ ಮುಟ್ಟಿದಾಗ ಒಳಗೆ ನಿಂತವರ ಮೊಣಕಾಲು ಬಗ್ಗಬಾರದು. ಬಗ್ಗಿದರೆ ಡ್ರೈವರಿಗೆ ಅವಮಾನ. ಚೌಡಪ್ಪನ ಪಾಳಿಯಲ್ಲಿ ಇಳಿದರೆ ಎಲೆ ಬಿದ್ದ ಹಾಗೆ ಎಂದು ಹಳೆಯ ಗಣಿಯವರು ನಮ್ಮ ಜಗುಲಿಯಲ್ಲಿ ಕೂತು ಹೇಳುವಾಗ ಮಾವ ಬೇರೆ ಕಡೆ ನೋಡುತ್ತಾ ಮೀಸೆ ತಿರುವುತ್ತಿದ್ದರು.

ಇಂಥವರು ರಿಟೈರಾದ ಮೇಲೆ ಯಾವ ಮೋಟಾರು ಗಾಡಿಯನ್ನೂ ಹತ್ತಲೊಲ್ಲರು. ಬಸ್ಸಿಲ್ಲ, ಕಾರಿಲ್ಲ, ಯಾರ ಸ್ಕೂಟರಿನ ಹಿಂದೆಯೂ ಇಲ್ಲ. ನಡೆಯುವುದು, ಇಲ್ಲವಾದರೆ ಮಾರಿಕುಪ್ಪಂನಿಂದ ಬರುವ ರೈಲು ಹಿಡಿದು ಬಂಗಾರಪೇಟೆಗೆ ಹೋಗುವುದು, ಅದೂ ಗಾರ್ಡಿನ ಡಬ್ಬಿಯ ಪಕ್ಕದ ಡಬ್ಬಿಯಲ್ಲೇ. ಹೊಸ ಸೊಸೆಯ ಧೈರ್ಯದಲ್ಲಿ ಒಂದು ದಿನ ಕೇಳಿಯೇ ಬಿಟ್ಟೆ: "ಯಾಕೆ ಮಾವ, ಬ್ರೇಕು ಕೆಡುತ್ತೆ ಅಂತ ಭಯಾನಾ?"

"ಬ್ರೇಕು ಕೆಡಲ್ಲಮ್ಮಣ್ಣಿ," ಎಂದರು. "ಬ್ರೇಕು ಇಡ್ಕೊಂಡೋನ ಮನಸ್ಸು ಕೆಡ್ತದೆ. ನಂಗೊತ್ತಿಲ್ವಾ? ಒಂದ್ಕಿತ ಮನೇಲಿ ಹಸ ಈಯೋ ಒತ್ತು. ನಾನು ಅಲ್ಲಿ ಕೈ ಇಟ್ಕೊಂಡು ಇಲ್ಲಿ ಕರ ನೋಡ್ತಾ ಕುಂತಿದ್ದೆ. ಕೇಜಲ್ಲಿ ಜನ ಇದ್ರು. ಏನೂ ಆಗಲಿಲ್ಲ ಅನ್ನು, ತಾಯಿ ಕಾಪಾಡಿದ್ಳು. ಅವತ್ತಿಂದ ನಂಗೆ ನಂಬ್ಕೆ ಇಲ್ಲ."

"ಯಾರ ಮೇಲೆ?"

"ಯಾರ ಮ್ಯಾಲೂ. ರೈಲಲ್ಲಿ ಇಂಜಿನ್ನೋನು ಒಬ್ಬ, ಗಾರ್ಡು ಒಬ್ಬ. ಒಬ್ಬನ ಮನಸ್ಸು ಕರ ನೋಡಕ್ಕೆ ಓದ್ರೆ ಇನ್ನೊಬ್ಬ ಇರ್ತಾನೆ."

ಇದರಿಂದ ಕಷ್ಟಕ್ಕೆ ಸಿಕ್ಕವಳು ನಾನು. ನಮ್ಮ ತವರಿಗೆ ರೈಲಿಲ್ಲ, ನಡೆದು ಹೋಗುವ ದೂರವಲ್ಲ, ಅಪ್ಪನ ಎತ್ತಿನ ಗಾಡಿಯೂ ಅಷ್ಟು ಹೊತ್ತಿಗೆ ಮಾರಿಹೋಗಿತ್ತು. ಮದುವೆ ಬಂಗಾರಪೇಟೆ ಸ್ಟೇಷನ್ನಿನ ಹತ್ತಿರದ ಛತ್ರದಲ್ಲೇ ಆದದ್ದರಿಂದ ಮಾವ ರೈಲಿಳಿದು ಬಂದು ಧಾರೆಗೆ ನಿಂತು ರೈಲು ಹತ್ತಿ ಹೋದರು. ಆಮೇಲೆ ನಮ್ಮಪ್ಪನ ಮನೆಯ ಹೊಸಿಲು ತುಳಿಯಲೇ ಇಲ್ಲ. ನಮ್ಮಪ್ಪ ಹಬ್ಬ ಹಬ್ಬಕ್ಕೂ ಹೇಳಿಕಳಿಸುವುದು, ಇವರು ಬಾರದೆ ಇರುವುದು. "ನಮ್ ಬೀಗರು ಸ್ಟೇಷನ್ನಿಗೆ ಮಾತ್ರ ಬೀಗರೇನಮ್ಮ?" ಎಂದು ಅಪ್ಪ ನಗುತ್ತಲೇ ಕೇಳಿದ್ದರು. ಆ ನಗು ನನಗೆ ಚುಚ್ಚಿತ್ತು.

ನಮ್ಮ ಯಜಮಾನರ ಸಂಕಟ ಇನ್ನೂ ದೊಡ್ಡದು. ಮಗ ಭೂಮಿಯ ಒಳಗೆ ಇಳಿಯಬಾರದು, ನೆಲದ ಮೇಲೇ ದುಡಿಯಬೇಕು ಎಂಬುದು ಮಾವನ ಹಟ. ಹಾಗಾಗಿ ಇವರು ಡ್ರೈವಿಂಗ್ ಕಲಿತು, ಎಪ್ಪತ್ತರ ದಶಕದ ಕೊನೆಯಲ್ಲಿ ಹರಾಜಿಗೆ ಬಂದ ಒಂದು ಹಳೇ ಪಿಕಪ್ ಕೊಂಡರು. ಜೀಪಿನ ಮೂತಿ, ಹಿಂದೆ ತಗಡಿನ ತೊಟ್ಟಿ. ಬೆಳಿಗ್ಗೆ ಬಂಗಾರಪೇಟೆಯಿಂದ ತರಕಾರಿ ತುಂಬಿಕೊಂಡು ರಾಬರ್ಟ್‌ಸನ್ ಪೇಟೆಯ ಮಾರ್ಕೆಟ್ಟಿಗೆ ಇಳಿಸುವುದು. ಗಾಡಿ ಮನೆಗೆ ಬಂದ ದಿನ ಗಾಲಿಗೆ ನಿಂಬೆಹಣ್ಣು ಇಟ್ಟವರು ಮಾವ. ದಿನಾ ಸಂಜೆ ಮೈ ತೊಳೆಯುವವರು ಮಾವ. ಹತ್ತು ಎಂದರೆ ಮಾತ್ರ, "ಓಗ್ಲಾ, ನಂಗೇನು ಕಾಲಿಲ್ವಾ?" ಎಂದು ಬಕೆಟ್ಟು ಎತ್ತಿಕೊಂಡು ಒಳಗೆ. "ಕೇರಿಯೋರೆಲ್ಲ ನನ್ನ ಗಾಡೀಲಿ ಕುಂತವ್ರೆ. ಕುರಿ ಮೇಕೆ ಕುಂತವೆ. ನಮ್ಮಪ್ಪ ಒಬ್ರೇ ಇಲ್ಲ," ಎಂದು ಇವರು ಒಂದು ಸಲ ಅನ್ನ ಕಲಸುತ್ತಾ ಹೇಳಿದರು. ಅವತ್ತು ಕಲಸಿದ ಅನ್ನ ಅವರ ತಟ್ಟೆಯಲ್ಲೇ ಉಳಿಯಿತು. ಈ ಮನುಷ್ಯನಿಗಾಗಿಯಾದರೂ ಮಾವನನ್ನು ಗಾಡಿ ಹತ್ತಿಸಿಯೇ ತೀರಬೇಕು ಎಂದು ನಾನು ಮನಸ್ಸಿನಲ್ಲೇ ಹಟ ತೊಟ್ಟೆ.

ದಾರಿ ತೋರಿಸಿದ್ದು ಗಾಡಿಯೇ. ಒಂದು ದಿನ ಬ್ರೇಕು ಒತ್ತಿದರೆ ಹಂದಿ ಹಿಡಿದಂತೆ ಕಿರುಚಲು ಶುರುವಾಯಿತು. ಮೆಕ್ಯಾನಿಕ್ ಸೆಲ್ವರಾಜ್ ಮನೆಗೇ ಬಂದು ಗಾಲಿ ಬಿಚ್ಚಿದ. ಗಾಲಿಯೊಳಗೆ ಗಡಿಗೆಯಂಥ ಕಬ್ಬಿಣದ ಡ್ರಮ್ಮು, ಅದನ್ನು ಒಳಗಿನಿಂದ ಒತ್ತಿ ಹಿಡಿಯಲು ಬಿಲ್ಲಿನಂತೆ ಬಾಗಿದ ಎರಡು ಪಟ್ಟಿ, ಪಟ್ಟಿಯ ಮೈಮೇಲೆ ಲೈನರ್ ಎನ್ನುವ ಹೊದಿಕೆ. ನಮ್ಮ ಲೈನರ್ ಪೂರಾ ಸವೆದು ರಿವಿಟ್ಟುಗಳು ಹಲ್ಲು ಕಿರಿದಿದ್ದವು, ಆ ಹಲ್ಲು ಡ್ರಮ್ಮಿನ ಮೈಯನ್ನು ಉತ್ತು ಹಾಕಿತ್ತು. ಲೈನರ್ ಹೊಸದು ಬೇಕೇ ಬೇಕು, ಡ್ರಮ್ಮು ಹೊಸದು ತರುತ್ತೀರೋ, ಹಳೆಯದನ್ನೇ ಲೇತ್‌ಗೆ ಕೊಟ್ಟು ನುಣ್ಣಗೆ ಕಡೆಸುತ್ತೀರೋ ನೀವೇ ನೋಡಿ ಎಂದ.

ಇವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಸಂಜೆ ತಲೆ ಹಿಡಿದುಕೊಂಡು ಬಂದರು. ಒಂದು ಅಂಗಡಿಯವನು ಗಟ್ಟಿ ಲೈನರೇ ಹಾಕಿ, ಲೋಡ್ ಗಾಡಿಗೆ ಬಾಳಿಕೆ ಬರುತ್ತದೆ ಎಂದನಂತೆ. ಎದುರಿನವನು ಅಯ್ಯೋ ಅದು ಡ್ರಮ್ಮನ್ನೇ ತಿಂದುಹಾಕುತ್ತದೆ, ಮೆದುವೇ ಸರಿ ಎಂದು ತಾಯಾಣೆ ಇಟ್ಟನಂತೆ. ಸೀರೆ ಅಂಗಡಿಗೆ ಹೋದ ಗಂಡಸು ಮಾಡುವುದನ್ನೇ ಇವರೂ ಮಾಡಿದ್ದರು, ಎರಡನ್ನೂ ತಂದಿದ್ದರು.

ಆಗ ನನಗೆ ಮಾವ ಹತ್ತಾರು ಸಲ ಹೇಳಿದ್ದ ಗಣಿಯ ಕಟ್ಟಳೆಯೊಂದು ನೆನಪಾಯಿತು. ಬ್ರೇಕು ರಿಪೇರಿಯಾದರೆ ಮೊದಲು ಬರೀ ಕೇಜು ಇಳಿಸಬೇಕು. ಆಮೇಲೆ ಭಾರ ತುಂಬಿ ಇಳಿಸಬೇಕು. ಆ ಭಾರದ ಜೊತೆಗೆ ಬ್ರೇಕಿನ ರಿಪೇರಿಗೆ ಕೈ ಹಾಕಿದವನೇ ಹತ್ತಬೇಕು. ಅವನು ಮೇಲೆ ಬಂದ ಮೇಲೆ ಮಿಕ್ಕವರು. "ಏನೂಂದ್ರೆ, ಲೈನರನ್ನ ನೀವು ಆರಿಸಬೇಡಿ. ಮಾವನ ಕೈಲಿ ಆರಿಸಿ," ಎಂದೆ. ಇವರು ನನ್ನ ಮುಖ ನೋಡಿ ನಿಧಾನವಾಗಿ ನಕ್ಕರು.

ಮಾವನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ರಿಟೈರಾದ ಮೇಲೆ ಅವರನ್ನು ಬ್ರೇಕಿನ ವಿಷಯ ಯಾರೂ ಕೇಳಿರಲಿಲ್ಲ. ಜಗುಲಿಯಲ್ಲಿ ಗೋಣಿ ಹಾಸಿಕೊಂಡು ಕೂತರು. ಡ್ರಮ್ಮನ್ನು ಮಡಕೆ ಕೊಳ್ಳುವವರಂತೆ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು, "ಇದು ಇನ್ನೂ ಬದ್ಕೈತೆ, ಲೇತ್‌ಗೆ ಕೊಡು ಸಾಕು," ಎಂದರು. ಲೈನರುಗಳನ್ನು ಮೂಸಿದರು, ಉಗುರಿನಿಂದ ಗೀರಿದರು, ಕೆನ್ನೆಗೆ ಒತ್ತಿಕೊಂಡರು. ಹೆಣ್ಣು ನೋಡಲು ಬಂಗಾರಪೇಟೆಗೆ ಬಂದ ದಿನ ನನ್ನನ್ನೂ ಇಷ್ಟು ಹೊತ್ತು ನೋಡಿರಲಿಲ್ಲ. ಕೊನೆಗೆ ಮೆದುವೇ ಇರಲಿ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸೆಲ್ವರಾಜ್ ಲೈನರನ್ನು ಪಟ್ಟಿಗೆ ಕೂರಿಸಿ ರಿವಿಟ್ಟು ಹೊಡೆದ ಮೇಲೆ ಮಾವ ಒಳಗಿನಿಂದ ಅರ ತಂದು ಅದರ ಎರಡು ತುದಿಗಳನ್ನೂ ಉಜ್ಜಲು ಕೂತರು. ತುದಿ ಓರೆ ಮಾಡಿದರೆ ಬ್ರೇಕು ಗಕ್ಕನೆ ಕಚ್ಚುವುದಿಲ್ಲ, ಮೆಲ್ಲಗೆ ಹಿಡಿಯುತ್ತದೆ. ಅದು ಸರಿಯೇ, ಸೆಲ್ವರಾಜನೂ ಎರಡು ಸಲ ಅರ ಆಡಿಸಿ ಹಾಗೆ ಮಾಡುವವನೇ. ಆದರೆ ಮಾವನ ಕೈಗೆ ಗೊತ್ತಿದ್ದದ್ದು ಮನೆಯಷ್ಟು ದೊಡ್ಡ ಡ್ರಮ್ಮಿನ ಲೆಕ್ಕ. ಆ ಲೆಕ್ಕದಲ್ಲೇ ಗಡಿಗೆಯಷ್ಟು ಸಣ್ಣ ಡ್ರಮ್ಮಿನ ಲೈನರನ್ನು ಉಜ್ಜಿದರು, ಉಜ್ಜಿದರು, ಉಜ್ಜುತ್ತಲೇ ಇದ್ದರು.

"ಪೆರಿಯವರೇ, ಪೋದುಂ! ಸಾಕು ಬಿಡಿ! ಇದು ವೈಂಡರ್ ಅಲ್ಲ, ಪಿಕಪ್ಪು!" ಎಂದು ಸೆಲ್ವರಾಜ್ ಅಂಗಲಾಚಿದ.

"ಒಳಗೆ ಇರೋರು ಮನುಷ್ಯರೇ ಅಲ್ವೇನಪ್ಪ?" ಎಂದರು ಮಾವ. ಅರ ಮತ್ತೆ ಆಡತೊಡಗಿತು.

ಮಾರನೆಯ ದಿನ ಬರೀ ಗಾಡಿ ಓಡಿಸಿದ್ದಾಯಿತು. ನಮ್ಮ ಮನೆಯ ಮುಂದೆ ರಸ್ತೆ ಇಳಿಜಾರು, ಕೆಳಗೆ ಹೋಗಿ ಸೈನೈಡ್ ಗುಡ್ಡಕ್ಕೆ ಮುಟ್ಟುತ್ತದೆ. ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದು ಸುರಿದು ಆದ ಗುಡ್ಡ ಅದು. "ಕೊಂಚ ಮುಂದಕ್ಕೆ ಓಗಿ ನಿಲ್ತದಪ್ಪ," ಎಂದರು ಇವರು. "ಕೇಜೂ ಅಂಗೇ," ಎಂದರು ಮಾವ. ಸರಿ, ಇನ್ನು ಭಾರ ತುಂಬಬೇಕು. ಬೀಗರ ಮನೆಗೆ ಹೊರಡುವವರೆಲ್ಲರ ತೂಕಕ್ಕೆ ಸಮನಾಗಿ ರಾಗಿ ಮೂಟೆ ಹಾಕಿಸಿದರು. ನನ್ನ ಲೆಕ್ಕಕ್ಕೆ ಒಂದು ಪೂರ್ತಿ ಮೂಟೆ! ಒಂದು ಮೂಟೆ ಎಂದರೆ ಕ್ವಿಂಟಾಲು, ನಾನಾಗ ಬಳ್ಳಿಯ ಹಾಗಿದ್ದೆ. "ಏನ್ ಮಾವ ಇದು?" ಎಂದರೆ, "ತೌರಿಂದ ವಾಪಸ್ ಬರೋ ಗಂಟು ಸೇರ್ಸಿದ್ದೀನಿ ಕಣಮ್ಮಣ್ಣಿ," ಎಂದರು.

ಮೂಟೆಯೆಲ್ಲ ಏರಿತು. ನಾವು ಗಂಡ ಹೆಂಡತಿ ಮಾವನನ್ನೇ ನೋಡುತ್ತಾ ನಿಂತೆವು. ಯಾರೂ ಏನೂ ಹೇಳಬೇಕಾಗಲಿಲ್ಲ. ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನಡಿ ಸೆಲ್ವರಾಜು, ಕೈ ಆಕಿದ್ದು ನಾವಿಬ್ರು," ಎಂದು ಹಿಂದಿನ ತೊಟ್ಟಿಗೆ ಹತ್ತಿದರು. ಸೆಲ್ವರಾಜ್ ಮುರುಗನನ್ನು ನೆನೆಯುತ್ತಾ ಹತ್ತಿದ. ಆಮೇಲೆ ಮಾವ ಡ್ರೈವರಿನ ಬೆನ್ನ ಹಿಂದಿನ ತಗಡನ್ನು ಗೆಣ್ಣಿನಿಂದ ಬಡಿದರು. ಟಣ್, ಟಣ್, ಟಣ್. ಮನುಷ್ಯರು ಹತ್ತಿದ್ದಾರೆ. ನಮ್ಮ ಯಜಮಾನರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಿಟಕಿಯ ಹತ್ತಿರದಿಂದಲೇ ಕಂಡೆ.

ಗಾಡಿ ಏರಿನ ತುದಿಗೆ ಹೋಗಿ ತಿರುಗಿತು. ಇಳಿದು ಬಂದು ಮನೆಯ ಮುಂದಿನ ಬೇವಿನ ಮರದ ಹತ್ತಿರ ನಿಲ್ಲಬೇಕು. ಬಂತು. ಬೇವಿನ ಮರ ದಾಟಿತು. ಜೋರಾಗಿಯೇನಲ್ಲ, ಒಳ್ಳೇ ಗೌಡರ ಮನೆ ಮೆರವಣಿಗೆಯಂತೆ ಗಂಭೀರವಾಗಿ ನನ್ನನ್ನು ದಾಟಿ, ಟೀ ಅಂಗಡಿ ದಾಟಿ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದವರನ್ನು ದಾಟಿ ಹೋಗುತ್ತಲೇ ಇತ್ತು. "ನಿಲ್ಸೀಂದ್ರೇ!" ಎಂದು ಕೂಗಿದೆ. ನಿಲ್ಲಿಸದೆ ಇರುವುದಕ್ಕೆ ಅವರಿಗೇನು ಚೆಲ್ಲಾಟವೇ? ಬ್ರೇಕು ಬುಡಕ್ಕೆ ಒತ್ತಿದ್ದರು, ಗೇರು ಇಳಿಸುತ್ತಿದ್ದರು, ಹ್ಯಾಂಡ್ ಬ್ರೇಕು ಎಳೆಯುತ್ತಿದ್ದರು, ಹಾರನ್ನಿನಿಂದ ಕೋಳಿಗಳನ್ನೂ ಮಕ್ಕಳನ್ನೂ ಓಡಿಸುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡಿದೆ. ಓಡುತ್ತಾ ಓಡುತ್ತಾ ನನ್ನ ಬಲಗಾಲು ಪ್ರತಿ ಹೆಜ್ಜೆಗೂ ನೆಲವನ್ನು ಒತ್ತಿ ಒತ್ತಿ ಹಿಡಿಯುತ್ತಿತ್ತು. ಕಾಯಿಲೆ ಅಂಟಿದ್ದು ಆ ಇಳಿಜಾರಿನಲ್ಲೇ. ಕೊನೆಗೆ ಗಾಡಿ ಸೈನೈಡ್ ಗುಡ್ಡದ ಬುಡದ ಮೆತ್ತನೆಯ ಮಣ್ಣಿಗೆ ಮೂತಿ ಇಟ್ಟು, ಉಸ್ಸೆಂದು ನಿಂತಿತು.

ಮುಗಿಯಿತು ಕಥೆ ಎಂದುಕೊಂಡೆ. ಇನ್ನು ಈ ಜನ್ಮದಲ್ಲಿ ಮಾವ ಗಾಡಿ ಹತ್ತುವುದಿಲ್ಲ, ನಮ್ಮಪ್ಪನ ಹೊಸಿಲು ತುಳಿಯುವುದಿಲ್ಲ, ಎಲ್ಲಾ ನನ್ನ ಅತಿಬುದ್ಧಿಯಿಂದ ಎಂದು ಅಳು ಬಂತು. ನಾನು ಏದುಸಿರು ಬಿಡುತ್ತಾ ಹತ್ತಿರ ಬರುವ ಹೊತ್ತಿಗೆ ಸೆಲ್ವರಾಜ್ ಕೆಳಗಿಳಿದು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಇವರು ಸ್ಟಿಯರಿಂಗ್ ಬಿಟ್ಟಿರಲಿಲ್ಲ, ಮುಖ ಬಿಳಿಚಿತ್ತು. ಮಾವ ನಿಧಾನವಾಗಿ ಇಳಿದು ಪಂಚೆಯ ಮಣ್ಣು ಕೊಡವಿಕೊಂಡರು.

"ಮೊಣಕಾಲು ಬಗ್ಗಲಿಲ್ಲ ನೋಡು," ಎಂದರು ನನಗೆ.

ಆಮೇಲೆ ಮುಂದೆ ಹೋಗಿ ಮಗನ ಬಾಗಿಲ ಹತ್ತಿರ ನಿಂತರು. "ಲೇ ಮುನಿರಾಜ, ಹಿಂದ್ಗಡೆ ಕಿಂಡೀಲಿ ನಿನ್ನ ಕತ್ತನ್ನೇ ನೋಡ್ತಾ ಬಂದೆ ಕಣ್ಲಾ. ಒಂದ್ಕಿತನೂ ಆ ಕಡೆ ಈ ಕಡೆ ತಿರುಗಲಿಲ್ಲ. ನಿನ್ನ ಮನಸ್ಸು ಎಲ್ಲೂ ಓಗ್ಲಿಲ್ಲ." ಮಗನ ತಲೆಯ ಮೇಲೆ ಕೈಯಿಟ್ಟರು. "ನಾನು ಕರ ನೋಡಕ್ಕೆ ಓಗಿದ್ದೆ. ನೀನು ಓಗ್ಲಿಲ್ಲ." ಇವರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತರು. ಮಾವ ನೋಡದವರಂತೆ ಗುಡ್ಡದ ಕಡೆ ತಿರುಗಿ, "ಸೆಲ್ವರಾಜು, ಗಟ್ಟೀದೇ ಆಕ್ಬಿಡಪ್ಪ. ಬೀಗರ ಮನೆಗೆ ಓಗ್ಬೇಕು," ಎಂದರು.

ಹೋದೆವು. ಗಟ್ಟಿ ಲೈನರ್ ಹೊಸದರಲ್ಲಿ ಎಷ್ಟು ಕೀರಲಾಗಿ ಕಿರುಚುತ್ತಿತ್ತೆಂದರೆ ತವರಿನ ಬೀದಿಗೆ ಗಾಡಿ ತಿರುಗುತ್ತಲೇ ಊರಿಗೆ ಊರೇ ಹೊರಗೆ ಬಂತು. ನಮ್ಮಪ್ಪ ಚೊಂಬಿನಲ್ಲಿ ನೀರು ಹಿಡಿದು ಬಾಗಿಲಿಗೆ ಬಂದವರು, ತೊಟ್ಟಿಯಲ್ಲಿ ನಿಂತ ಬೀಗರನ್ನು ನೋಡಿ ನೀರು ಕೊಡುವುದನ್ನೇ ಮರೆತು ನಿಂತರು. ವಾಪಸು ಬರುವಾಗ ನನ್ನ ಗಂಟು ಒಂದು ಮೂಟೆಗಿಂತ ಹೆಚ್ಚೇ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ಅಲ್ಲಿಂದಾಚೆ ಮಾವ ಮಗನ ಗಾಡಿಯಲ್ಲಿ ಹೋಗದ ಊರಿಲ್ಲ. ಕೂರುವುದು ಮಾತ್ರ ಹಿಂದೆಯೇ. ಹತ್ತಿದ ಮೇಲೆ ತಗಡಿಗೆ ಮೂರು ಬಡಿತ. ಅದು ಬೀಳುವ ತನಕ ಇವರು ಗೇರು ಹಾಕುತ್ತಿರಲಿಲ್ಲ.

ಮಾವ ಹೋಗಿ ಈಗ ಕೆಲವು ವರ್ಷಗಳಾದವು. ಹಳೇ ಪಿಕಪ್ಪೂ ಹೋಯಿತು. ಹೊಸದು ಬಂದಿದೆ, ಇದಕ್ಕೆ ಮುಂದಿನ ಗಾಲಿಗಳಲ್ಲಿ ಡ್ರಮ್ಮಿಲ್ಲ, ತಟ್ಟೆಯಂಥ ಡಿಸ್ಕು, ಅದನ್ನು ಎರಡು ಕಡೆಯಿಂದ ಚಿವುಟಿ ಹಿಡಿಯುವ ಪ್ಯಾಡು. ಮೊನ್ನೆ ಪ್ಯಾಡು ಸವೆದು ಡಿಸ್ಕಿಗೆ ಗೀರು ಬಿತ್ತು. ಇವರು ಜೆ.ಸಿ. ರಸ್ತೆಗೆ ಹೋದರು. ಡಿಸ್ಕು ಕಡೆಸುತ್ತೀರಾ, ಹೊಸದು ಹಾಕುತ್ತೀರಾ, ಪ್ಯಾಡು ಗಟ್ಟಿಯದೋ ಮೆದುವೋ ಎಂದು ಅಂಗಡಿಯವರು ಅದೇ ಹಳೇ ಹಾಡು ಹಾಡಿದರಂತೆ. ಇವರು ಹೊಸ ಡಿಸ್ಕಿನ ಜೊತೆ ಎರಡು ಬಗೆಯ ಪ್ಯಾಡನ್ನೂ ತಂದು ಜಗುಲಿಯ ಮೇಲಿಟ್ಟರು. ಇಬ್ಬರೂ ಸ್ವಲ್ಪ ಹೊತ್ತು ನೋಡುತ್ತಾ ಕೂತೆವು. ಮೂಸುವವರಿಲ್ಲ, ಕೆನ್ನೆಗೆ ಒತ್ತಿಕೊಳ್ಳುವವರಿಲ್ಲ. ಕೊನೆಗೆ ಸೆಲ್ವರಾಜೇ ಬಂದು ಒಂದನ್ನು ಎತ್ತಿಕೊಂಡು ಹೊಸ ಡಿಸ್ಕಿನ ಜೊತೆ ಹಾಕಿದ. ಅವನಿಗೂ ಈಗ ತಲೆ ನರೆತಿದೆ. ಬರೀ ಗಾಡಿ ಓಡಿಸಿ ನೋಡಿದ್ದಾಯಿತು. ಮೂಟೆ ಏರಿಸುತ್ತಿದ್ದ ಹಾಗೆ ಅವನು ಯಾರೂ ಹೇಳದೆ ತಾನೇ ಹಿಂದಕ್ಕೆ ಹತ್ತಿ ಕೂತ.

ನಾನು ಮುಂದೆ ಕೂತೆ. ಭಾರದ ಓಟಕ್ಕೆ ನೀನ್ಯಾಕೆ ಎಂದು ಇವರೂ ಕೇಳಲಿಲ್ಲ. ಗಾಡಿ ಸ್ಟಾರ್ಟ್ ಆಯಿತು, ಹೊರಡಲಿಲ್ಲ. ಇವರು ಎದುರಿಗೆ ನೋಡುತ್ತಾ ಕೂತಿದ್ದರು. "ಏನೂಂದ್ರೆ, ಓಗಬಾರದಾ?" ಎಂದೆ. ಕೈ ಗೇರಿನ ಮೇಲಿದೆ, ಗೇರು ಬೀಳುತ್ತಿಲ್ಲ. ಆಗ ನನಗೆ ಹೊಳೆಯಿತು. ಕಿಟಕಿಯಿಂದ ಕೈ ಹೊರಗೆ ಚಾಚಿ ಬಾಗಿಲಿನ ತಗಡಿನ ಮೇಲೆ ಗೆಣ್ಣಿನಿಂದ ಮೂರು ಸಲ ಬಡಿದೆ.

ಗಾಡಿ ಹೊರಟಿತು. ಆ ಇಳಿಜಾರಿನುದ್ದಕ್ಕೂ, ಬೇವಿನ ಮರ ಬರುವ ತನಕ, ಆ ಒಂದು ದಿನ ಮಾತ್ರ ನನ್ನ ಬಲಗಾಲು ಸುಮ್ಮನಿತ್ತು.